ಹಟ್ಟಿಕೇರಿಯಲ್ಲಿ ಬೇಡ ಅನ್ನೋರು ಯಾರು?

ನಿನ್ನ ಕೆಲಸ ಎಂಥದ್ದು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಕೇಳಿದವರ ತಪ್ಪೇನೂ ಇಲ್ಲ. ಕಾರವಾರದ ಪೇಟೆಯಲ್ಲಿ ನಿಂತು ನಾನು ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಅಂದರೆ ಯಾರಿಗೆ ಏನು ತಿಳಿಯಬೇಕು? ಮಾವನ ಗೆಳೆಯರೊಬ್ಬರು ಮನೆಗೆ ಮಾಳಿಗೆ ಏರಿಸಲು ನಕ್ಷೆ ಮಾಡಿಕೊಡು ಅಂದಿದ್ದರು. ನನ್ನ ಅತ್ತೆ ಮಾತ್ರ ಯಾವ ಗೊಂದಲಕ್ಕೂ ಬೀಳದೆ, ಸೊಸೆ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಅಂತ ಕೊಂಕಣಿಯಲ್ಲಿ ಓಣಿಗೆಲ್ಲ ಹೇಳಿ ಮುಗಿಸಿದ್ದರು. ಮಿಕ್ಸರ್ ಕೆಟ್ಟಾಗಲೂ ನನ್ನ ಮುಖ ನೋಡುತ್ತಿದ್ದರು.

ಗೋವೆಯ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿಕೊಂಡಿದ್ದವಳು ನಾನು. ದಿನಾ ಗಡಿ ದಾಟಿ ಓಡಾಡಿ ಸಾಕಾಗಿತ್ತು. ಆ ಹೊತ್ತಿಗೆ ಕಾರವಾರದಲ್ಲಿ ರೈತರ ಸಂಘಗಳೆಲ್ಲ ಕೂಡಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅಕ್ಕಿ, ಗೇರುಬೀಜ, ಮಾವಿನ ರಸ ಇಂಥದ್ದನ್ನೆಲ್ಲ ಒಂದೇ ಹೆಸರಿನಲ್ಲಿ ಮಾರುವ ಆಸೆ. ಕೆಲಸವನ್ನು ಹೊಸ ರೀತಿಗೆ ತರಲು ಅನುದಾನ ಸಿಕ್ಕಿತು, ಅದರ ಜೊತೆಗೆ ಇಬ್ಬರನ್ನು ನೇಮಿಸಿಕೊಳ್ಳಿ ಎಂಬ ಸಲಹೆಯೂ ಬಂತು. ಒಬ್ಬ ಐಟಿ ಆರ್ಕಿಟೆಕ್ಟ್, ಅವನು ಕಾರವಾರದವನೇ, ನನ್ನ ವಾರಿಗೆಯವನು. ಇನ್ನೊಬ್ಬಳು ನಾನು. ಒಂದೇ ಕೆಲಸಕ್ಕೆ ಇಬ್ಬರು ಯಾಕೆ ಅಂತ ಆಡಳಿತ ಮಂಡಳಿಯವರು ಮೊದಲ ದಿನದಿಂದಲೇ ಗೊಣಗುತ್ತಿದ್ದರು.

ಒಕ್ಕೂಟಕ್ಕೆ ಹಟ್ಟಿಕೇರಿಯಲ್ಲಿ ಒಂದು ಶೆಡ್ ಇದೆ. ಅಂಕೋಲೆ ಸುತ್ತಿನ ಮನೆಗಳಿಂದ ಇಶಾಡ ಮಾವಿನ ಹಣ್ಣು ಅಲ್ಲಿಗೆ ಬರುತ್ತದೆ, ಹೆಂಗಸರು ಕೂತು ಕೊಯ್ದು ರಸ ತೆಗೆಯುತ್ತಾರೆ, ಡಬ್ಬಿ ತುಂಬುತ್ತಾರೆ. ಮಾವು ಮುಗಿದ ಮೇಲೆ ಹಲಸು, ಉಪ್ಪಿನಕಾಯಿ, ಹಪ್ಪಳ. ಆ ಶೆಡ್ಡಿನ ಮೇಲ್ವಿಚಾರಣೆ ನನ್ನ ಸ್ವಂತ ಅಕ್ಕನದು. ಅವಳನ್ನು ಹಟ್ಟಿಕೇರಿಗೆ ಕೊಟ್ಟಿದ್ದು. ವರ್ಷಾನುಗಟ್ಟಲೆ ಕಂಡವರ ಗದ್ದೆಯಲ್ಲಿ ನಟ್ಟಿ ಮಾಡಿ ಸೊಂಟ ಬಿದ್ದುಹೋದ ಮೇಲೆ ಅವಳಿಗೆ ಕೂತು ಮಾಡುವ ಕೆಲಸ ಅಂತ ಸಿಕ್ಕಿದ್ದು ಇದೊಂದೇ. ನಾನು ಒಕ್ಕೂಟ ಸೇರುವ ಮೊದಲೇ ಅವಳು ಅಲ್ಲಿದ್ದಳು. ನಾನು ಸೇರಿಸಿದ್ದು ಅಂತ ಯಾರೂ ಹೇಳುವ ಹಾಗಿಲ್ಲ, ಆದರೂ ಹೇಳುವವರು ಹೇಳಿದರು.

ನನ್ನ ಮೊದಲ ಮಾವಿನ ಹಂಗಾಮಿನಲ್ಲೇ ಶೆಡ್ಡು ಮುಳುಗುವ ಹಾಗೆ ಕಂಡಿತು. ಐಟಿ ಗೆಳೆಯ ಚೆಂದದ ವ್ಯವಸ್ಥೆ ಕಟ್ಟಿದ್ದ, ಸುಳ್ಳು ಹೇಳಬಾರದು. ಪ್ರತಿ ಮನೆಗೂ ಮೊಬೈಲಿಗೆ ಟೋಕನ್ ಹೋಗುತ್ತಿತ್ತು, ಇಂಥ ದಿನ ಇಂಥ ಹೊತ್ತಿಗೆ ಹಣ್ಣು ತನ್ನಿ ಅಂತ. ಬಂದ ಕೂಡಲೆ ಶೆಡ್ಡಿನಲ್ಲಿ ಟ್ಯಾಬ್ ಒತ್ತಿದರೆ ಕಾರವಾರದ ಆಫೀಸಿನ ಪರದೆಯ ಮೇಲೆ ಹಸಿರು ಚುಕ್ಕೆ ಮೂಡುತ್ತಿತ್ತು. ಹಂಗಾಮಿನ ಉದ್ದಕ್ಕೂ ಪರದೆ ಹಸಿರೋ ಹಸಿರು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಆದರೆ ಮಳೆಗಾಲ ಶುರುವಾಗುವಷ್ಟರಲ್ಲಿ ಡಬ್ಬಿಗಳು ಉಬ್ಬತೊಡಗಿದವು. ಒಡೆದು ನೋಡಿದರೆ ಅರ್ಧ ರಸ ಹುಳಿ, ಅರ್ಧ ಕೊಳೆತ ವಾಸನೆ. ಅಂಗಡಿಯವರು ಎಲ್ಲ ವಾಪಸ್ ಕಳಿಸಿದರು. ಮಂಡಳಿಯವರು ಕೂತು ನಿರ್ಧಾರ ಮಾಡಿದರು: ಇನ್ನೊಂದು ಹಂಗಾಮು ನೋಡುವುದು, ಆಗಲೂ ಹೀಗೇ ಆದರೆ ಶೆಡ್ಡಿಗೆ ಬೀಗ ಹಾಕಿ, ಹಣ್ಣನ್ನು ಹಾಗೇ ಲಾರಿಗೆ ತುಂಬಿ ಹೊರಗಿನ ಕಾರ್ಖಾನೆಗೆ ಕಳಿಸುವುದು.

ಸುದ್ದಿ ಹೇಳಲು ಅಕ್ಕನ ಮನೆಗೆ ನಾನೇ ಹೋದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಮೇಲಿನ ಹಂಚಿನಿಂದ ಮುಖ ಎತ್ತಲಿಲ್ಲ. "ಬೀಗ ಹಾಕೂದೇ ಆದ್ರೆ ಬರೂ ವರ್ಷ ಮಳೆ ಬೀಳೂಕೆ ಮೊದ್ಲೇ ಹೇಳಿ. ನಟ್ಟಿ ಕೆಲ್ಸಕ್ಕೆ ಯಾರ ಹತ್ರಾದ್ರೂ ಮಾತಾಡಿ ಇಡ್ಬೇಕು," ಅಂದಳು. ಆ ಸೊಂಟ ಇಟ್ಟುಕೊಂಡು ಮತ್ತೆ ಕೆಸರಿಗೆ ಇಳಿಯುವ ಮಾತನ್ನು ಅಷ್ಟು ಸಲೀಸಾಗಿ ಆಡಿದ್ದು ಕೇಳಿ ನನಗೆ ಕೂತಿರಲಾಗಲಿಲ್ಲ, ಎದ್ದು ಹೊರಟೆ. ಬಸ್ಸಿನಲ್ಲಿ ಕಾರವಾರದ ತನಕ ಯಾರ ಮೇಲೆ ಅಂತ ಗೊತ್ತಿಲ್ಲದೆ ಹಲ್ಲು ಕಡಿಯುತ್ತಾ ಬಂದೆ.

ಮರುದಿನ ಸಿಟ್ಟೆಲ್ಲ ಐಟಿ ಗೆಳೆಯನ ಮೇಲೆ ಹೋಯಿತು. ಅವನು ತಾಳ್ಮೆಯಿಂದ ಪರದೆ ತೋರಿಸಿ, ಇದರಲ್ಲಿ ತಪ್ಪೆಲ್ಲಿದೆ ತೋರಿಸು ಅಂದ. ಎಷ್ಟು ಹುಡುಕಿದರೂ ತಪ್ಪಿರಲಿಲ್ಲ. ಅದೇ ನನಗೆ ಇನ್ನಷ್ಟು ಕೋಪ ತರಿಸಿತು.

ಉತ್ತರ ಸಿಕ್ಕಿದ್ದು ಮುಂದಿನ ಬೇಸಿಗೆಯ ಮೊದಲ ಟೋಕನ್ ಬಂದ ವಾರ, ಶೆಟಗೇರಿಯ ತವರುಮನೆಯಲ್ಲಿ. ರವಿವಾರ ಅಂತ ಹೋಗಿದ್ದೆ. ನಮ್ಮ ಕಡೆ ಇಶಾಡ ಕಾಯನ್ನು ಮರದಿಂದ ಇಳಿಸಿ ಒಳಕೋಣೆಯಲ್ಲಿ ಭತ್ತದ ಹುಲ್ಲಿನ ನಡುವೆ ಹಣ್ಣಿಗೆ ಹಾಕುತ್ತಾರೆ. ಅದು ತನ್ನ ಮನಸ್ಸಿಗೆ ಬಂದಾಗ ಹಣ್ಣಾಗುತ್ತದೆ, ಸಿಪ್ಪೆ ತೆಳು, ಹಣ್ಣಾದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಅರೆಹಣ್ಣಾದ ದೋರೆ ಯಾವುದು, ಪೂರ್ತಿ ಕಳಿತದ್ದು ಯಾವುದು ಅಂತ ಹೇಳಲು ಅಂಕೋಲೆಯಲ್ಲಿ ಯಾರಿಗೂ ಪಾಠ ಬೇಕಿಲ್ಲ, ನನಗೂ ಬೇಕಿಲ್ಲ. ಅತ್ತಿಗೆ ಆ ಸಂಜೆ ಹುಲ್ಲು ಸರಿಸಿ ಹೆಡಿಗೆ ತುಂಬುತ್ತಿದ್ದಳು. ಮುಟ್ಟಿ ನೋಡಿದೆ, ಎಲ್ಲ ದೋರೆ. ಬೆರಳೊತ್ತಿದರೆ ಕಲ್ಲು. ಇದನ್ನು ಯಾಕೆ ತುಂಬುತ್ತೀ ಅಂತ ಕೇಳಿದೆ. ನಾಳೆ ಹಟ್ಟಿಕೇರಿಯಲ್ಲಿ ನಮ್ಮ ಟೋಕನ್ ಅಂದಳು. ಹಣ್ಣಾಗಿಲ್ಲವಲ್ಲ ಅಂದೆ. ಹಜಾರದಿಂದ ಅಮ್ಮನೇ ಉತ್ತರ ಕೊಟ್ಟಳು.

"ಅವ್ರು ಕರೆದಾರಲ್ಲೆ. ಕರೆದ ಮೇಲೆ ಹೋಗ್ದೆ ಇದ್ರೆ ಎಂತ ಮರ್ಯಾದಿ?"

ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಊರಿನಲ್ಲಿ ಮನೆ ಬಾಗಿಲಿಗೆ ಬಂದು ಮದುವೆಗೆ ಕರೆದರೆ ಮನೆಗೊಬ್ಬರಾದರೂ ಹೋಗಲೇಬೇಕು. ಜ್ವರ ಇದ್ದರೂ ಹೋಗಿ, ಅಕ್ಷತೆ ಹಾಕಿ, ಮುಖ ತೋರಿಸಿ ಬರಬೇಕು. ಟೋಕನ್ನನ್ನು ಇವರು ಕರೆಯೋಲೆ ಮಾಡಿಕೊಂಡಿದ್ದರು. ಕರೆದ ದಿನಕ್ಕೆ ಒಬ್ಬರೂ ತಪ್ಪಿಸದೆ ಹಣ್ಣೋ ಕಾಯೋ ಹೊತ್ತುಕೊಂಡು ಹೋಗಿದ್ದರು. ಟೋಕನ್ನಿಗೆ ಮೊದಲೇ ಹಣ್ಣಾದ ಮನೆಯವರು ಆ ದಿನದ ತನಕ ಕಾದು ಕೊಳೆಸಿ ತಂದಿದ್ದರು. ಪಾಪ, ಎಂಥ ಸಭ್ಯರು! ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ವಾಪಸ್ ಹೋಗುವಾಗ ಹಟ್ಟಿಕೇರಿಯಲ್ಲಿ ಇಳಿದು ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. ದೋರೆ ಕಾಯಿ ಕಣ್ಣಿಗೆ ಕಂಡರೂ ಯಾಕೆ ಒಳಗೆ ಬಿಟ್ಟೆ? ಅವಳೂ ರೇಗಿದಳು. ಬಿಸಿಲಲ್ಲಿ ಬಾಳೆಗುಳಿ ಕ್ರಾಸ್ ದಾಟಿ ಟೆಂಪೋದಲ್ಲಿ ಹೊತ್ತು ತಂದವರ ಮುಂದೆ ಬೇಡ ಅನ್ನಲು ತಾನು ಯಾರು ಅಂತ ಕೇಳಿದಳು. ಅದರಲ್ಲೂ ಅಧ್ಯಕ್ಷರ ತೋಟದ ಹೆಡಿಗೆ ಬಂದರೆ ಮುಟ್ಟಿ ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲವಂತೆ. ಒಕ್ಕೂಟದ ಅಧ್ಯಕ್ಷರು ಅಂಕೋಲೆಯ ದೊಡ್ಡ ಮಾವಿನ ಕುಳ, ಗಂಟಲು ತೆಗೆದರೆ ಆಚೆ ಕೇರಿಗೆ ಕೇಳಬೇಕು.

ಸೋಮವಾರ ಐಟಿ ಗೆಳೆಯನಿಗೆ ಎಲ್ಲ ಹೇಳಿದೆ. ಅವನಿಗೆ ಬೇಜಾರಾಯಿತು. ಟ್ಯಾಬಿನಲ್ಲಿ ಹಸಿರು ಗುಂಡಿಯ ಪಕ್ಕದಲ್ಲೇ ಕೆಂಪು ಗುಂಡಿಯೂ ಇದೆ, ಹಣ್ಣು ಬೇಡವಾದರೆ ಒತ್ತಲಿ ಅಂತಲೇ ಇಟ್ಟಿದ್ದೇನೆ ಅಂದ.

"ಗುಂಡಿ ಇಟ್ಟಿದ್ದಿ ಮಾರಾಯಾ. ಒತ್ತುವ ಅಧಿಕಾರ ಯಾರಿಗಿದೆ?"

"ಅದು ನನ್ನ ಕೆಲಸ ಅಲ್ಲ," ಅಂದ. ಅವನ ಕೆಲಸ ಅಲ್ಲ ನಿಜ, ಅದು ನನ್ನ ಕೆಲಸ. ಟ್ಯಾಬ್ ಯಾವುದು, ಸುದ್ದಿ ಯಾವ ದಾರಿಯಿಂದ ಬರಬೇಕು, ಎಲ್ಲಿ ಉಳಿಯಬೇಕು, ಕೆಟ್ಟರೆ ಏನು ಮಾಡಬೇಕು ಅನ್ನುವುದೆಲ್ಲ ಅವನದು, ಅದರಲ್ಲಿ ನಾನು ಮೂಗು ತೂರಿಸಿದರೆ ತಲೆ ಮೇಲೆ ಮೊಟಕಬೇಕು. ಆದರೆ ಒಕ್ಕೂಟ ಹಣ್ಣು ಕೊಳ್ಳುವುದು ಯಾತಕ್ಕೆ, ಹಣ್ಣು ಮಾಡುವ ಕೆಲಸ ಮನೆಯದೋ ಶೆಡ್ಡಿನದೋ, ಯಾರು ಯಾರನ್ನು ಕರೆಯಬೇಕು, ಬೇಡ ಅನ್ನುವ ಮಾತು ಯಾರ ಬಾಯಲ್ಲಿರಬೇಕು, ಇದನ್ನು ಕೇಳಿ ಇಡೀ ಒಕ್ಕೂಟದ ಲೆಕ್ಕದಲ್ಲಿ ಜೋಡಿಸಬೇಕಾದವಳು ನಾನು. ಇದು ಜೋಡಣೆಯಾಗದೆ ಅವನು ಎಷ್ಟು ಚೆಂದ ಕಟ್ಟಿದರೂ ಹುಳಿ ರಸವೇ ವೇಳೆಗೆ ಸರಿಯಾಗಿ ಬರುತ್ತದೆ.

ಮಂಡಳಿಯ ಸಭೆಗೆ ಒಂದು ನಕ್ಷೆ ಒಯ್ದೆ. ಇದರಲ್ಲಿ ಕಂಪ್ಯೂಟರೇ ಇಲ್ಲವಲ್ಲ ಅಂತ ಒಬ್ಬ ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡರು. ಅದರಲ್ಲಿದ್ದದ್ದು ಜನ ಮತ್ತು ಗೆರೆ. ಶೆಡ್ಡು ಮನೆಯನ್ನು ಕರೆಯುವುದಲ್ಲ, ಹುಲ್ಲಿನಲ್ಲಿಟ್ಟದ್ದು ಹಣ್ಣಾದಾಗ ಮನೆಯವರೇ ಹಿಂದಿನ ಸಂಜೆ ಶೆಡ್ಡಿಗೆ ಫೋನ್ ಮಾಡುವುದು. ಬಾಗಿಲಿಗೆ ಬಂದ ಹಣ್ಣು ಬೇಕೋ ಬೇಡವೋ ಅನ್ನುವ ಕೊನೆಯ ಮಾತು ಮೇಲ್ವಿಚಾರಕಿಯದು, ಅವಳ ಮೇಲೆ ಆ ವಿಷಯದಲ್ಲಿ ಯಾರೂ ಇಲ್ಲ. ಅಷ್ಟು ಹೇಳಿ ಮುಗಿಸಿದೆ. ಅದೇ ನಿರ್ದೇಶಕರು ಮೆಲ್ಲಗೆ, ಹಣ್ಣು ಅಧ್ಯಕ್ಷರ ತೋಟದ್ದಾದರೆ ಅಂತ ಕೇಳಿದರು. ಅದಕ್ಕೂ ಅವಳದೇ ಕೊನೆಯ ಮಾತು ಅಂದೆ. ಅಧ್ಯಕ್ಷರು ನಕ್ಷೆಯನ್ನೇ ನೋಡುತ್ತಾ, ಈ ಹಂಗಾಮು ಹೀಗೇ ನಡೆಯಲಿ, ಕೆಟ್ಟರೆ ಬೀಗ ನಾನೇ ಹಾಕುತ್ತೇನೆ ಅಂದರು.

ಅಕ್ಕನನ್ನು ಒಪ್ಪಿಸುವುದು ಮಂಡಳಿಗಿಂತ ಕಷ್ಟವಾಯಿತು. ಊರವರ ಜೊತೆ ಮುಖ ಕೆಡಿಸಿಕೊಂಡು ಉಳಿಸಿಕೊಳ್ಳುವ ಕೆಲಸ ತನಗೆ ಬೇಡ ಅಂತ ಹಟ ಹಿಡಿದಳು. ಎರಡು ಸಂಜೆ ಜಗಳವಾಡಿದೆವು. ಕೊನೆಗೆ ಅವಳೇ ದಾರಿ ಮಾಡಿಕೊಂಡಳು. ಬಂದವರನ್ನು ಮೊದಲು ಬೆಂಚಿನ ಮೇಲೆ ಕೂರಿಸುವುದು, ಬೆಲ್ಲ ನೀರು ಕೊಡುವುದು, ಆಮೇಲೆ ಹೆಡಿಗೆ ನೋಡುವುದು. ಕಾಯಿ ಇದ್ದರೆ, ಇನ್ನೆರಡು ದಿನ ಹುಲ್ಲಲ್ಲಿರಲಿ, ನಮ್ಮ ಗಾಡಿಯೇ ಬಂದು ತರುತ್ತದೆ ಅನ್ನುವುದು. ನಾನು ಗಾಡಿಯನ್ನೂ ಬೆಲ್ಲ ನೀರನ್ನೂ ನಕ್ಷೆಯಲ್ಲಿ ಸೇರಿಸಿದೆ. ಬೆಲ್ಲವನ್ನು ಯಾವ ಸರ್ವರಿನಲ್ಲಿ ಇಡಬೇಕು ಅಂತ ಐಟಿ ಗೆಳೆಯ ಗಂಭೀರವಾಗಿ ಕೇಳಿದ. ಆದರೆ ಟೋಕನ್ ಪದ್ಧತಿಯನ್ನು ಒಂದು ಮಾತೂ ಆಡದೆ ಕಿತ್ತುಹಾಕಿ, ಮನೆಯವರ ಫೋನಿನಿಂದಲೇ ಮರುದಿನದ ಸರದಿ ತಯಾರಾಗುವ ಹಾಗೆ ಮಾಡಿಕೊಟ್ಟವನೂ ಅವನೇ.

ಹಂಗಾಮು ನಡೆಯಿತು. ಪರದೆಯ ಮೇಲೆ ಮೊದಲ ಸಲ ಕೆಂಪು ಚುಕ್ಕೆಗಳು ಕಂಡು ನಿರ್ದೇಶಕರು ಗಾಬರಿಬಿದ್ದರು. ನಾನು ಮಾತ್ರ ಆ ಕೆಂಪನ್ನು ನೋಡಿ ಚಹಾ ಕುಡಿಯುತ್ತಿದ್ದೆ. ತುಂಬಿಟ್ಟ ಡಬ್ಬಿಗಳು ವಾರಗಳು ಕಳೆದರೂ ಉಬ್ಬಲಿಲ್ಲ. ಕಡೆಗೆ, ಆಕಾಶ ಕಪ್ಪಾಗತೊಡಗಿದ ಹೊತ್ತಿಗೆ, ತಡವಾಗಿ ಬಲಿಯುವ ಅಧ್ಯಕ್ಷರ ತೋಟದ ಸರದಿ ಬಂತು. ಅವರ ಆಳು ಮಳೆಗೆ ಹೆದರಿ ಅವಸರದಲ್ಲಿ ದೋರೆ ಕಾಯನ್ನೇ ಜೀಪು ತುಂಬಿಕೊಂಡು ಬಂದಿದ್ದ. ಬೆಳಿಗ್ಗೆ ಪರದೆಯಲ್ಲಿ ಅಧ್ಯಕ್ಷರ ಹೆಸರು, ಅದರ ಮುಂದೆ ಕೆಂಪು. ಅಕ್ಕ ಇಡೀ ಜೀಪನ್ನು ವಾಪಸ್ ಕಳಿಸಿದ್ದಳು.

ಸಭೆಯಲ್ಲಿ ದೊಡ್ಡದಾಗಿ ಅದಕ್ಕೂ ಅಂದವಳು ನಾನೇ, ಈಗ ಅವರಿಗೆ ಫೋನ್ ಮಾಡಿ ಸಮಾಧಾನ ಹೇಳಲು ಕೈ ತುರಿಸುತ್ತಿತ್ತು. ಗೆಳೆಯ ನನ್ನ ಕೈಯಿಂದ ಮೊಬೈಲು ತೆಗೆದು ಮೇಜಿನ ಮೇಲಿಟ್ಟ. ನಿನ್ನ ನಕ್ಷೆಯಲ್ಲಿ ನಿನ್ನಿಂದ ಅವರಿಗೆ ಗೆರೆ ಇಲ್ಲ ಮಾರಾಯ್ತಿ, ಸುಮ್ಮನೆ ಕೂತ್ಕೋ ಅಂದ. ಕೂತೆ. ಆ ದಿನ ಅಧ್ಯಕ್ಷರ ಫೋನ್ ಬರಲಿಲ್ಲ, ಮರುದಿನವೂ ಬರಲಿಲ್ಲ. ಅಕ್ಕನಿಗೆ ನಾನು ಮಾಡಿದರೆ ಅವಳು ಎತ್ತಲಿಲ್ಲ. ಮೂರನೆಯ ದಿನ ತಡೆಯಲಾಗದೆ ಅಂಕೋಲೆ ಬಸ್ಸು ಹತ್ತಿ ಹಟ್ಟಿಕೇರಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಯಾವ ಗದ್ದೆಯವರನ್ನು ಕೇಳಬೇಕು ಅಂತ ಯೋಚಿಸುತ್ತಿದ್ದೆ.

ಶೆಡ್ಡಿನ ಬಾಗಿಲಿಗೆ ಬರುವ ಮೊದಲೇ ಹಣ್ಣಿನ ಪರಿಮಳ ಬಂತು. ಒಳಗೆ ಕೊಯ್ಯುವ ಮೇಜಿನ ತುಂಬ ಕಳಿತ ಇಶಾಡ. ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಹೆಂಗಸರ ನಡುವೆ ಕೂತಿದ್ದಳು. ಇದು ಯಾರ ತೋಟದ್ದು ಅಂತ ಕೇಳಿದೆ. ಅಧ್ಯಕ್ಷರದ್ದು ಅಂದಳು. ಜೀಪು ವಾಪಸ್ ಹೋದ ಸಂಜೆಯೇ ಅವರು ಅವಳಿಗೆ ಫೋನ್ ಮಾಡಿ, ಹುಲ್ಲಿಗೆ ಹಾಕಿಸಿದ್ದೇನೆ, ಯಾವಾಗ ತರಲಿ ಅಂತ ಕೇಳಿದ್ದರಂತೆ. ಹಣ್ಣಾದ ಮೇಲೆ ತನ್ನಿ ಅಂದಿದ್ದಳಂತೆ. ಇವತ್ತು ಬೆಳಿಗ್ಗೆ ತಾವೇ ಜೀಪಿನಲ್ಲಿ ಕೂತು ಬಂದು, ಉಳಿದವರ ಹಿಂದೆ ಬೆಂಚಿನ ಮೇಲೆ ಸರದಿಗೆ ಕಾದು ಹೋಗಿದ್ದರು.

ಶೆಡ್ಡಿನ ವಿಷಯ ಏನಾದರೂ ಅಂದರಾ ಅಂತ ಕೇಳಿದೆ.

"ಅಂದ್ರು. ಬೀಗ ಹಾಕೂದಿಲ್ಲ, ಬರೂ ವರ್ಷದ ಹಣ್ಣೂ ನೀನೇ ನೋಡು ಅಂದ್ರು. ಮಂಡಳಿಯೋರಿಗೂ ಹೇಳಾಯ್ತಂತೆ."

"ಯಾವಾಗ ಅಂದದ್ದು?"

"ಅವತ್ತು ಫೋನ್ ಮಾಡ್ದಾಗ್ಲೇ."

"ಮತ್ತೆ ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಅಕ್ಕನ ಕೈಯಲ್ಲಿನ ಚೂರಿ ನಿಲ್ಲಲಿಲ್ಲ. "ನಿಂಗೆ ಎಂತಕೆ ಹೇಳ್ಬೇಕು? ಶೆಡ್ಡು ನೋಡೂದು ನಾನಲ್ಲೆ?"

ಮೇಜಿನ ಸುತ್ತಲಿದ್ದ ಹೆಂಗಸರು ನಗಲಿಲ್ಲ, ಅವರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ನನಗೆ ಮಾತ್ರ ಎದೆ ತುಂಬಿ ಬಂತು, ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ತಲೆ ಎತ್ತಿ ನೋಡಿದಳು. ಮಳೆ ಬರುವ ಮೊದಲು ಇಷ್ಟೂ ಮುಗಿಯಬೇಕು, ಸುಮ್ಮನೆ ನಿಲ್ಲುವವರು ಇಲ್ಲಿ ಬೇಡ, ಕೈ ತೊಳೆದು ಬಾ ಅಂದಳು. ನಾನು ಕೈ ತೊಳೆದುಕೊಂಡು ಅವಳು ತೋರಿಸಿದ ಕಡೆ ಕೂತೆ.