ಬಾಯ್ಲರ್ ಪಕೀರಪ್ಪ ಮಸ್ಕಿ ದಾಟಿದ್ದು

ಒಂದು ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪಕೀರಪ್ಪ ಮಸ್ಕಿಯ ಬಸ್ ನಿಲ್ದಾಣದಲ್ಲಿ ಲಿಂಗಸುಗೂರಿಗೆ ಹೋಗುವ ಬಸ್ಸಿನಿಂದ ಕೆಳಗಿಳಿಯುತ್ತಿದ್ದ. ಒಂದು ಕಾಲು ನೆಲದ ಮೇಲಿತ್ತು, ಇನ್ನೊಂದು ಮೆಟ್ಟಿಲ ಮೇಲೆ. ಬಸ್ಸಿನೊಳಗೆ ಅವನ ಹೆಂಡತಿ ಆದಮ್ಮ ಬಸುರಿ ಮಗಳ ಕುಬಸಕ್ಕೆಂದು ತಂದ ಖಣ, ಹಸಿರು ಬಳೆ, ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಎಲ್ಲಿಗೆ ಹೊಂಟ್ರಿ?" ಎಂದಳು.

"ವಾಲ್ವ್ ಮುಚ್ಚೀನೋ ಇಲ್ಲೋ..."

"ನಿನ್ನೆ ಸಂಜಿಗೆ ಎರಡು ಸಲ ಹೋಗಿ ನೋಡಿ ಬಂದೀರಿ."

"ಹೋಗಿದ್ದು ನೆನಪೈತಿ. ನೋಡಿದ್ದು ನೆನಪಿಲ್ಲ."

ಕಂಡಕ್ಟರ್ ಇಬ್ಬರನ್ನೂ ನೋಡಿದ. "ಯಜಮಾನ್ರ, ಇಳಿಯೋದಾದ್ರ ಇಳೀರಿ, ಏರೋದಾದ್ರ ಏರ್ರಿ. ಬಾಗಿಲದಾಗ ಸಂಸಾರ ಮಾಡಬ್ಯಾಡ್ರಿ."

ಪಕೀರಪ್ಪ ಇಳಿದ. ಬಸ್ಸು ಆದಮ್ಮನೊಬ್ಬಳನ್ನೇ ಕರೆದುಕೊಂಡು ಲಿಂಗಸುಗೂರಿನ ಕಡೆ ಹೊರಟುಹೋಯಿತು. ಅವನು ಸಿಂಧನೂರಿಗೆ ತಿರುಗಿ ಬಂದು, ರಜೆಯ ದಿನ ಬೀಗ ಹಾಕಿದ್ದ ಅಕ್ಕಿ ಮಿಲ್ಲನ್ನು ಕಾವಲುಗಾರನಿಂದ ತೆಗೆಸಿ ಬಾಯ್ಲರಿನ ಮುಂದೆ ನಿಂತ. ವಾಲ್ವ್ ಮುಚ್ಚಿತ್ತು. ಅಷ್ಟು ಹೊತ್ತಿಗೆ ಲಿಂಗಸುಗೂರಿನಲ್ಲಿ ಮಗಳು ಭುವನೇಶ್ವರಿಗೆ ಬೇರೆ ಯಾರೋ ಹಿರಿಯರು ಅಕ್ಷತೆ ಹಾಕಿದ್ದರು.

ಬಳಗಾನೂರಿನ ಪಕೀರಪ್ಪ ಸಿಂಧನೂರಿನ ಆ ಮಿಲ್ಲಿಗೆ ಸೇರಿದ್ದು ಹಮಾಲಿಯಾಗಿ. ಮಾಲೀಕ ಬಸವಂತರಾಯ ಸಾವುಕಾರರು ಅವನ ನಿಧಾನ ಸ್ವಭಾವ ನೋಡಿ ಬಾಯ್ಲರಿಗೆ ಹಾಕಿದರು, ಪರೀಕ್ಷೆ ಕಟ್ಟಿಸಿ ಸರ್ಟಿಫಿಕೇಟು ಕೊಡಿಸಿದರು. ಭತ್ತವನ್ನು ನೆನೆಹಾಕಿ ಹಬೆಯಲ್ಲಿ ಕುದಿಸಿ ಒಣಗಿಸಿದ ಮೇಲೆ ಅಕ್ಕಿ ಮಾಡುವ ಮಿಲ್ಲು ಅದು. ಹಬೆ ಬರುವುದು ಭತ್ತದ ಹೊಟ್ಟು ಉರಿಸುವ ಬಾಯ್ಲರಿನಿಂದ. ಒಳಗೆ ನೀರು ಎಷ್ಟಿದೆ ಎಂಬುದನ್ನು ಹೊರಗಿನ ಗಾಜಿನ ಕೊಳವೆ ತೋರಿಸುತ್ತದೆ, ಹಬೆಯ ಒತ್ತಡವನ್ನು ಮೇಲಿನ ಮೀಟರು ತೋರಿಸುತ್ತದೆ. ಬಾಯ್ಲರಿನವನು ಈ ಎರಡರ ಮೇಲೆ ಕಣ್ಣಿಟ್ಟರೆ ಸಾಕು. ಪಕೀರಪ್ಪ ಹದಿನೈದು ವರ್ಷ ಇಟ್ಟಿದ್ದ, ಒಂದು ದಿನವೂ ತೊಂದರೆಯಾಗಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಬಂದು ನೋಡಿದರೆ ಗಾಜಿನ ಕೊಳವೆಯಲ್ಲಿ ನೀರು ಗುರುತಿಗಿಂತ ಕೆಳಗಿತ್ತು. ಹಿಂದಿನ ಸಂಜೆ ನೀರು ತುಂಬಿಸಿ, ಹಬೆ ಹೊರಹೋಗುವ ವಾಲ್ವ್ ಮುಚ್ಚಿಯೇ ಹೋಗಿದ್ದೆ ಎಂದು ಅವನು ಆಣೆ ಮಾಡಬಲ್ಲವನಾಗಿದ್ದ. ಬೆಂಕಿ ಆರಿದ್ದರಿಂದ ಏನೂ ಆಗಲಿಲ್ಲ. ನೀರು ಬಿಟ್ಟರು, ಬೆಂಕಿ ಹಾಕಿದರು, ಮಿಲ್ಲು ನಡೆಯಿತು. ಆದರೆ ತನ್ನ ಆಣೆಯ ಮೇಲೆ ಇದ್ದ ಭರವಸೆ ಅಂದೇ ಹೋಯಿತು.

ಮೊದಮೊದಲು ಗೇಟಿನಿಂದ ವಾಪಸು ಬಂದು ನೋಡುತ್ತಿದ್ದ. ಆಮೇಲೆ ಮನೆಯಿಂದ ಬರತೊಡಗಿದ. ಮುಚ್ಚಿದ ವಾಲ್ವನ್ನು ನಂಬದೆ ಒಮ್ಮೆ ತೆರೆದು ಮತ್ತೆ ಬಿಗಿಯುತ್ತಿದ್ದ. ಹಾಗೆ ಬಿಗಿದು ಬಿಗಿದು ಅದರ ಒಳಗೆ ಬಿರಡೆ ಕೂರುವ ಜಾಗ ಸವೆದು, ಎಂದೂ ಸೋರದಿದ್ದ ವಾಲ್ವಿನಿಂದ ಹಬೆ ಸೋರಿತು. ಹೊಸದನ್ನು ಹಾಕಿಸುವಾಗ ಸಾವುಕಾರರು, "ಪಕೀರಪ್ಪ, ವಾಲ್ವ್ ಮುಚ್ಚಪಾ, ಅದರ ಕುತ್ತಿಗಿ ಹಿಚುಕಬ್ಯಾಡ," ಎಂದು ನಕ್ಕರು. ಅವನಿಗೆ ನಗು ಬರಲಿಲ್ಲ.

ಡಾಕ್ಟರು ಬಿ.ಪಿ. ನೋಡಿ ಗುಳಿಗೆ ಬರೆದುಕೊಟ್ಟರು. "ಟೆನ್ಷನ್ ತಗೋಬ್ಯಾಡ್ರಿ," ಎಂದರು.

"ನಾ ಎಲ್ಲಿ ತಗೊಂಡೀನ್ರಿ ಸಾಹೇಬ್ರ. ಅದ ಬಂದು ಕುಂತೈತಿ."

ಬಾಯ್ಲರಿನ ಜೊತೆಗಾರ ಗೌಸ್‌ಸಾಬ್ ಒಂದು ಉಪಾಯ ಹೇಳಿದ. ಮುಚ್ಚಿದ ವಾಲ್ವಿನ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಆಯಿತು. ಎರಡು ದಿನ ನೆಮ್ಮದಿಯಾಯಿತು. ಮೂರನೆಯ ದಿನ, ಇದು ಇವತ್ತಿನ ಫೋಟೋನೋ ನಿನ್ನೆಯದೋ ಎಂಬ ಅನುಮಾನ ಹುಟ್ಟಿತು. ಫೋಟೋದ ಕೆಳಗೆ ತಾರೀಖು ಇರುತ್ತದೆ ಎಂದು ಗೌಸ್‌ಸಾಬ್ ತೋರಿಸಿದ. ಫೋಟೋ ತೆಗೆದ ಮೇಲೆ ಕೈ ತಾಗಿ ವಾಲ್ವ್ ತಿರುಗಿದ್ದರೆ ಎಂದ ಪಕೀರಪ್ಪ. ಗೌಸ್‌ಸಾಬ್ ಕೈ ಮುಗಿದ.

ಇದರಲ್ಲಿ ವಿಚಿತ್ರವೇನೂ ಇಲ್ಲ. ದಿನವೂ ಮಾಡುವ ಕೆಲಸವನ್ನು ಕೈ ತಾನಾಗಿಯೇ ಮಾಡಿ ಮುಗಿಸುತ್ತದೆ. ಮನಸ್ಸು ಆಗ ಬೇರೆಲ್ಲೋ ಇರುತ್ತದೆ, ಅದು ಇಲ್ಲದ ಕಡೆ ನೆನಪು ನಿಲ್ಲುವುದಿಲ್ಲ. ನೆನಪಿಲ್ಲವೆಂದು ಮತ್ತೆ ಹೋಗಿ ನೋಡಿದರೆ, ಎರಡು ನೋಟಗಳು ಒಂದರ ಮೇಲೊಂದು ಬಿದ್ದು ಎರಡೂ ಮಸುಕಾಗುತ್ತವೆ. ಪಕೀರಪ್ಪ ವಾಲ್ವಿನ ಮುಂದೆ ನಿಂತಾಗ ಮನೆಗೆ ಹೋದ ಮೇಲೆ ಬರುವ ಅನುಮಾನವನ್ನು ನೆನೆಯುತ್ತಿದ್ದ, ಮನೆಯಲ್ಲಿ ಕುಳಿತಾಗ ವಾಲ್ವನ್ನು ನೆನೆಯುತ್ತಿದ್ದ. ಇದ್ದ ಜಾಗದಲ್ಲಿ ಅವನು ಇರುತ್ತಲೇ ಇರಲಿಲ್ಲ.

ಕುಬಸದ ನಂತರ ಭುವನೇಶ್ವರಿ ಬಾಣಂತನಕ್ಕೆ ತವರಿಗೆ ಬಂದಳು. ತಂದೆಯ ಮೇಲೆ ಕೂಗಾಡಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಐದು ತಿಂಗಳು ತುಂಬಿ, ತೊಟ್ಟಿಲ ಸಮೇತ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುವ ದಿನ ಗೊತ್ತಾದಾಗ ಮಾತ್ರ ಅವಳು ಬಾಯಿಬಿಟ್ಟಳು.

"ಅಪ್ಪಾ, ಈ ಸಲನೂ ಮಸ್ಕ್ಯಾಗ ಇಳಿಯೋದಿದ್ರ ಈಗ ಹೇಳಿಬಿಡು. ನಮ್ಮ ಅತ್ತಿಗೆ ಮೊದಲ ಹೇಳಿ ಇಡ್ತೀನಿ. ಹೋದ ಸಲ ಎಲ್ಲಾರೂ, ನಿಮ್ಮಪ್ಪ ಎಲ್ಲಿ, ನಿಮ್ಮಪ್ಪ ಎಲ್ಲಿ ಅಂತ ಕೇಳಿದ್ರು. ಬಾಯ್ಲರ ಅವನ ಹಿರಿ ಮಗಳು, ಅಕಿನ್ನ ಬಿಟ್ಟು ಬರಂಗಿಲ್ಲ ಅಂತ ಹೇಳಬೇಕಾಗಿತ್ತು ನಾನು."

ಪಕೀರಪ್ಪನಿಗೆ ಬರುತ್ತೇನೆ ಎನ್ನಲು ಬಾಯಿ ಬಂತು, ಧೈರ್ಯ ಬರಲಿಲ್ಲ.

ಮರುವಾರ ರಜೆಗೆ ಬಳಗಾನೂರಿಗೆ ಹೋದ. ಅವನ ತಾಯಿ ಶಿವಲಿಂಗಮ್ಮ ಮೊಮ್ಮಗಳ ಜೊತೆ ಕಳಿಸಲೆಂದು ಜೋಳ ಅಳೆಯುತ್ತಿದ್ದಳು. ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಈ ಕಡೆಯ ಪದ್ಧತಿ. ಮುದುಕಿ ಸೇರು ತುಂಬಿ ಚೀಲಕ್ಕೆ ಸುರಿದು, "ಲಾಭ... ಲಾಭ... ಲಾಭ..." ಎನ್ನುತ್ತಲೇ ಎರಡನೆಯದನ್ನು ತುಂಬಿದಳು. ಅದು ಚೀಲಕ್ಕೆ ಬಿದ್ದ ಮೇಲೆ, "ಎರಡು... ಎರಡು... ಎರಡು..." ಹುಟ್ಟಿದಾಗಿನಿಂದ ಅವನು ಕೇಳಿದ ರಾಗವೇ ಅದು.

"ಯವ್ವಾ, ಎಷ್ಟು ಅಳೀತಿ?" ಎಂದು ನಡುವೆ ಕೇಳಿದ.

"ಐದು... ಐದು... ಐದು..." ಶಿವಲಿಂಗಮ್ಮ ಅವನ ಕಡೆ ನೋಡಲೂ ಇಲ್ಲ. ಚೀಲದ ಬಾಯಿ ಕಟ್ಟಿದ ಮೇಲೆ ಬೈದಳು. "ಅಳೀಯಾಗ ಮಾತಾಡಸಬಾರದಂತ ಗೊತ್ತಿಲ್ಲೇನಲೇ? ಮೊಮ್ಮಗಳನ್ನ ಕಂಡಿ, ಇನ್ನೂ ಬುದ್ಧಿ ಬರಲಿಲ್ಲ."

"ಐದು ಅಂತ ಒಂದ ಸಲ ಅಂದ್ರ ಸಾಲದೇನಬೇ? ಅದನ್ನ ಯಾಕ ಮತ್ತ ಮತ್ತ ಅಂತಿ?"

"ಒಂದ ಸಲ ಅಂದು ಸುಮ್ಮನಾದ್ರ ಮನಸು ಕಾಳಿನ ಹಗೇವಕ್ಕ ಹೋಗ್ತೈತಿ, ಹೊಲಕ್ಕ ಹೋಗ್ತೈತಿ. ಬಂದು ನೋಡಿದ್ರ ಐದೋ ಆರೋ? ಮತ್ತ ಎಲ್ಲಾ ಸುರುವಿ ಮೊದಲಿಂದ ಅಳೀಬೇಕು. ಆರನೇದು ಚೀಲಕ್ಕ ಬೀಳೋತನಕ ಐದನ್ನ ಬಾಯಾಗ ಹಿಡದಿರಬೇಕು. ಹಿಂದಿಂದೂ ಬ್ಯಾಡ, ಮುಂದಿಂದೂ ಬ್ಯಾಡ."

ಪಕೀರಪ್ಪ ಚೀಲವನ್ನು ಎತ್ತಿ ಮೂಲೆಗೆ ಇಟ್ಟ. ಸುರುವಿ ಮೊದಲಿನಿಂದ ಅಳೆಯುವುದು. ತಾನು ದಿನವೂ ಮಾಡುತ್ತಿದ್ದದ್ದು ಅದನ್ನೇ.

ಮರುದಿನ ಸಂಜೆ ಮಿಲ್ಲು ನಿಲ್ಲಿಸುವಾಗ ಅವನು ಹೊಟ್ಟು ಬೀಳುವುದನ್ನು ನಿಲ್ಲಿಸಿ, "ಹೊಟ್ಟು ಬಂದ್... ಹೊಟ್ಟು ಬಂದ್..." ಎನ್ನುತ್ತ ಗಾಜಿನ ಕೊಳವೆಯ ತನಕ ನಡೆದ. ನೀರು ಗುರುತಿನ ಮೇಲೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ, "ನೀರು ತುಂಬೇತಿ... ನೀರು ತುಂಬೇತಿ..." ವಾಲ್ವನ್ನು ಒಂದೇ ಸಲ ತಿರುಗಿಸಿ, ಅದರ ಬಿಸಿ ಕೈಗೆ ತಾಕುತ್ತಿರುವಾಗಲೇ, "ಮುಚ್ಚೀನಿ... ಮುಚ್ಚೀನಿ..."

ಗೌಸ್‌ಸಾಬ್ ಸಲಿಕೆ ಕೆಳಗಿಟ್ಟ. "ಪಕೀರಣ್ಣ, ಬಾಯ್ಲರಿಗೆ ದೆವ್ವ ಬಿಡಸಾಕತ್ತಿಯೇನು?"

"ಬಾಯ್ಲರಿಗಲ್ಲೋ, ನನಗ."

ಅಷ್ಟರಿಂದ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ವಾರದೊಳಗೆ ಬಾಯಿಗೂ ರೂಢಿಯಾಯಿತು. ಬಾಯಿ ಮುಚ್ಚೀನಿ ಎನ್ನುತ್ತಿದ್ದರೆ ಮನಸ್ಸು ಊಟದ ಡಬ್ಬಿಯಲ್ಲಿರುತ್ತಿತ್ತು. ಎರಡು ಸಂಜೆ ಗೇಟಿನಿಂದ ತಿರುಗಿ ಬಂದ. ಆಗ ತಾಯಿಯ ಅಳತೆಯನ್ನು ಮತ್ತೊಮ್ಮೆ ನೆನೆದು ನೋಡಿದ. ಅವಳು ಹಿಡಿದಿದ್ದದ್ದು ಬದಲಾಗುವ ಎಣಿಕೆಯನ್ನು. ಮುಚ್ಚೀನಿ ಎಂಬ ಮಾತು ದಿನವೂ ಒಂದೇ, ಅದರಿಂದ ನಿನ್ನೆ ಯಾವುದು ಇವತ್ತು ಯಾವುದು ತಿಳಿಯುವುದಿಲ್ಲ. ದಿನವೂ ಬೇರೆಯಾಗುವುದು ಮೀಟರಿನ ಮುಳ್ಳು. ಹೊಟ್ಟಿನ ಹಸಿ, ಬೆಂಕಿಯ ಕಾವು ನೋಡಿಕೊಂಡು ಒಂದು ಸಂಜೆ ಮೂರರ ಹತ್ತಿರ ನಿಂತರೆ ಇನ್ನೊಂದು ಸಂಜೆ ಒಂದೂವರೆಗೆ ಇಳಿದಿರುತ್ತದೆ. ಅಂದಿನಿಂದ ಎಲ್ಲ ಮುಗಿದ ಮೇಲೆ ಮೀಟರಿನ ಮುಂದೆ ನಿಂತು ಅಂದಿನ ಅಂಕಿಯನ್ನು ಗಟ್ಟಿಯಾಗಿ ಹೇಳಿ, ಮಿಲ್ಲಿನ ಗೇಟು ದಾಟುವ ತನಕ ಅದನ್ನೇ ಬಾಯಲ್ಲಿ ಹಿಡಿದ. ದಾಟಿದ ಮೇಲೆ ಬಿಟ್ಟ. ಆಮೇಲೆ ಕಣ್ಣೆದುರು ಬಂದದ್ದು ರಸ್ತೆ, ಮಿರ್ಚಿ ಬಂಡಿಯ ಎಣ್ಣೆಯ ವಾಸನೆ, ಮನೆಯಲ್ಲಿ ಕೂಸು. ಮೀಟರಿನ ಈ ಉಪಾಯವನ್ನು ಊಟಕ್ಕೆ ಕುಳಿತಾಗ ಹೆಂಡತಿಗೂ ಮಗಳಿಗೂ ಹೇಳಿದ. ಒಂದು ಸಂಜೆ ಕೂಸಿನ ಎಡಗಿವಿಯ ಹಿಂದೆ ಒಂದು ಮಚ್ಚೆ ಇರುವುದನ್ನು ಕಂಡು ಆದಮ್ಮನನ್ನು ಕರೆದು ತೋರಿಸಿದ.

"ಹುಟ್ಟಿದಾಗಿಂದ ಐತಿ," ಎಂದಳು ಆದಮ್ಮ. "ನೀವು ಇವತ್ತು ಮನಿಗೆ ಬಂದೀರಿ."

ಹೊರಡುವ ಭಾನುವಾರ ಬಂತು. ಬಿಚ್ಚಿದ ತೊಟ್ಟಿಲನ್ನು ಹಿಂದಿನ ಸೀಟಿನ ಕೆಳಗೆ ತುರುಕಿ, ಜೋಳದ ಚೀಲವನ್ನು ಕಾಲಡಿ ಇಟ್ಟುಕೊಂಡು ಕುಳಿತರು. ಕೂಸು ಪಕೀರಪ್ಪನ ತೊಡೆಯ ಮೇಲಿತ್ತು. ಗದ್ದೆಗಳು ಮುಗಿದು ಮಸ್ಕಿಯ ಗುಡ್ಡ ಕಾಣಿಸುತ್ತಿದ್ದಂತೆ ಅನುಮಾನ ಹೇಳದೆ ಕೇಳದೆ ಬಂದು ಎದೆಯ ಮೇಲೆ ಕುಳಿತಿತು. ಮುಚ್ಚೀನೋ ಇಲ್ಲೋ.

ಬಸ್ಸು ನಿಲ್ದಾಣದಲ್ಲಿ ನಿಂತಿತು. ಇಳಿಯುವವರು ಇಳಿದರು. ಆದಮ್ಮ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಕೇಳಿದರೆ ಎಲ್ಲಿ ಇಳಿದೇಬಿಡುತ್ತಾನೋ ಎಂದು ಅವಳಿಗೆ ಭಯ. ಪಕೀರಪ್ಪನ ಕೈ ಮುಂದಿನ ಸೀಟಿನ ಕಂಬಿ ಹಿಡಿದದ್ದನ್ನು ಭುವನೇಶ್ವರಿ ಕಂಡಳು. ಅವಳು ಕೂಸನ್ನು ಈಸಿಕೊಳ್ಳಲು ಕೈ ಚಾಚಲಿಲ್ಲ, ಅವನ ತೊಡೆಯ ಮೇಲೆಯೇ ಬಿಟ್ಟಳು.

"ಅಪ್ಪಾ," ಎಂದಳು ಮೆಲ್ಲಗೆ. "ನಿನ್ನೆ ಸಂಜಿಗೆ ಮೀಟರ್ ಎಷ್ಟರ ಮ್ಯಾಲಿತ್ತು?"

ಪಕೀರಪ್ಪ ಕಣ್ಣು ಮುಚ್ಚಿದ. ನಿನ್ನೆಯ ಸಂಜೆಯಲ್ಲಿ ಬಾಯ್ಲರಿನ ಮುಂದೆ ಒಬ್ಬ ಮನುಷ್ಯ ನಿಂತಿದ್ದ. ಅವನ ಬಲಗೈ ಆಗತಾನೇ ಮುಚ್ಚಿದ ವಾಲ್ವಿನ ಮೇಲಿತ್ತು, ಕಣ್ಣು ಮುಳ್ಳಿನ ಮೇಲಿತ್ತು, ಬಾಯಿ ಒಂದೇ ಅಂಕಿಯನ್ನು ಹಿಡಿದುಕೊಂಡಿತ್ತು. ಅದು ತನ್ನದೇ ದನಿ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಲಿಂಗಸುಗೂರಿನ ರಸ್ತೆಗೆ ಹೊರಳಿತು. ಪಕೀರಪ್ಪ ಕಂಬಿ ಬಿಟ್ಟು ಎರಡೂ ಕೈಯಿಂದ ಕೂಸನ್ನು ಹಿಡಿದುಕೊಂಡು, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಎರಡೂಕಾಲು."