ದಿನ್ನಿ ಓಣಿಗೆ ಕೊಟ್ಟ ಮಾತು

ಕುಡಿಯುವ ನೀರು ಪೂರೈಸುವ ಕಚೇರಿಯೊಂದರಲ್ಲಿ ನಾನು ಎರಡು ವರ್ಷ ಗುತ್ತಿಗೆಯ ಮೇಲೆ ಕೆಲಸ ಮಾಡಿದೆ. ಪೈಪು ಹಾಕುವವರು ಬೇರೆ ಇದ್ದರು. ಪೈಪು ಬರುತ್ತದೆ, ನೀರು ಬರುತ್ತದೆ ಎಂದು ಜನರಿಗೆ ಹೇಳುವುದು ನನ್ನ ಕೆಲಸ. ನೇಮಕದ ಕಾಗದದಲ್ಲಿ ಇದಕ್ಕೆ ಸಮುದಾಯ ಸಂಘಟಕಿ ಎಂದು ಬರೆದಿದ್ದರು. ವಿಜಯಪುರದ ಸೊಲ್ಲಾಪುರ ರಸ್ತೆಯ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಬಸ್ಸು ಹಿಡಿದು ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುತ್ತಿದ್ದೆ. ಹೆಗಲಿಗೊಂದು ಚೀಲ. ಅದರಲ್ಲಿ ಬಣ್ಣದ ಚಿತ್ರಗಳ ದೊಡ್ಡ ಹಾಳೆಗಳು, ಒಪ್ಪಿಗೆ ಪತ್ರದ ಕಟ್ಟು, ಎರಡು ಪೆನ್ನು.

ಹೇಳುವುದು ಕಷ್ಟವಿರಲಿಲ್ಲ, ಏಕೆಂದರೆ ಹೇಳಿದ್ದನ್ನು ನಾನೇ ನಂಬಿದ್ದೆ. ನಾನು ಬೆಳೆದ ಮನೆಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಆ ದಿನ ಅವ್ವ ಹಂಡೆ, ಕೊಡ, ಬಕೀಟು ಮುಗಿದ ಮೇಲೆ ಹಿಟ್ಟಿನ ಡಬ್ಬಿಯನ್ನೂ ಬರಿದು ಮಾಡಿ ತುಂಬಿಸುತ್ತಿದ್ದಳು. ಈಗ ಹಳೆಯ ಪೈಪು ತೆಗೆದು ಹೊಸದು ಹಾಕುತ್ತಾರೆ, ಎತ್ತರದ ನೀರಿನ ಟಾಕಿ ಕಟ್ಟುತ್ತಾರೆ, ಪ್ರತಿ ಮನೆಗೆ ಮೀಟರು ಕೂಡಿಸುತ್ತಾರೆ, ದಿನದ ಇಪ್ಪತ್ನಾಲ್ಕು ತಾಸೂ ನೀರು ಇರುತ್ತದೆ ಎಂದರೆ ಯಾಕೆ ನಂಬಬಾರದು? ಯೋಜನೆಗೆ ಒಂದು ಷರತ್ತಿತ್ತು. ಮನೆಗೆ ನಳ ಬಂದ ಮೇಲೆ ಓಣಿಯ ನಳ ತೆಗೆಯಬೇಕು. ಓಣಿಯ ನಳದಲ್ಲಿ ನೀರು ಪೋಲಾಗುತ್ತದೆ, ಒತ್ತಡ ಕಡಿಮೆಯಾಗುತ್ತದೆ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಅದನ್ನು ತೆಗೆಯಲು ಓಣಿಯವರ ಸಹಿ ತರುವುದೇ ನನ್ನ ಕೆಲಸದ ಮುಖ್ಯ ಭಾಗವಾಗಿತ್ತು.

ತಿಕೋಟಾದಲ್ಲಿ ಒಂದು ಓಣಿ ಏರಿನ ಮೇಲಿದೆ. ಜನ ಅದನ್ನು ದಿನ್ನಿ ಓಣಿ ಎನ್ನುತ್ತಾರೆ. ಏರಿನ ನಡುವೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಓಣಿಯ ನಳ. ಓಣಿಯ ತುದಿಯ ಮನೆಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಜೊತೆಗೆ ಇನ್ನಿಬ್ಬರು ಬರುತ್ತಿದ್ದರು. ನಸುಕಿನಲ್ಲಿ ಒಲೆ ಹೊತ್ತಿಸಿದರೆ ಬಿಸಿಲೇರುವಷ್ಟರಲ್ಲಿ ಬುಟ್ಟಿಗಟ್ಟಲೆ ರೊಟ್ಟಿ ಸಿದ್ಧ. ಅವು ಬಸ್ಸಿನಲ್ಲಿ ವಿಜಯಪುರದ ಖಾನಾವಳಿಗಳಿಗೆ ಹೋಗುತ್ತಿದ್ದವು. ನಮ್ಮ ಮನೆಯ ಹತ್ತಿರದ ಖಾನಾವಳಿಯಲ್ಲಿ ನಾನೂ ಎಷ್ಟೋ ಸಲ ಅವಳ ಕೈಯ ರೊಟ್ಟಿ ತಿಂದಿರಬೇಕು.

ಓಣಿಯವರೆಲ್ಲ ಅವಳ ಕಡೆ ನೋಡುತ್ತಿದ್ದರು. ಅವಳು ಸಹಿ ಮಾಡಿದರೆ ಎಲ್ಲರೂ ಮಾಡುವವರು. ನಾನು ಚಿತ್ರದ ಹಾಳೆ ಬಿಡಿಸಿ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಪೂರ್ತಿ ಕೇಳಿದಳು.

“ಕೆಳಗಿನ ಓಣ್ಯಾಗ ಬರತೈತಿ, ಅದು ನನಗೂ ಗೊತ್ತೈತಿ. ದಿನ್ನಿ ಏರತೈತೇನ್ರಿ? ಅದೊಂದ ಹೇಳ್ರಿ,” ಎಂದಳು.

ನನ್ನ ಹಾಳೆಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದು ಎದ್ದೆ.

ತಿಕೋಟಾದ ಕಚೇರಿಯಲ್ಲಿ ನಮ್ಮ ಇಂಜಿನಿಯರರು ನಕಾಶೆಯ ಮುಂದೆ ಕೂತಿದ್ದರು. ಅದರಲ್ಲಿ ದಿನ್ನಿ ಓಣಿಯ ತುದಿಯವರೆಗೆ ನೀಲಿ ಗೆರೆ ಎಳೆದಿತ್ತು. ನನ್ನ ಪ್ರಶ್ನೆ ಕೇಳಿ ಅವರು ತಲೆ ಎತ್ತಲಿಲ್ಲ. “ಏರತೈತ್ರಿ ಮೇಡಂ. ಎಲ್ಲಾ ಲೆಕ್ಕಾ ಹಾಕೇ ಮಾಡೇವಿ. ನೀವು ಸಹಿ ತಗೊಂಡು ಬರ್ರಿ,” ಎಂದರು.

ಹೊರಗೆ ಅಂಗಳದಲ್ಲಿ ತಿಕೋಟಾಕ್ಕೆ ನೀರು ಬಿಡುವ ಮನುಷ್ಯ ನಿಂತಿದ್ದ. ಬಹಳ ವರ್ಷಗಳಿಂದ ಊರಿನ ಪೈಪುಗಳನ್ನು ತೆರೆದು ಮುಚ್ಚುವ ವಾಲುಗಳನ್ನು ತಿರುಗಿಸುತ್ತ ಬಂದವನು. ಒಳಗಿನ ಮಾತು ಅವನಿಗೆ ಕೇಳಿಸಿತ್ತು. ಆ ಓಣಿಗೆ ಹಾಕಿದ ಪೈಪು ಸಣ್ಣದು, ಕೆಳಗಿನವರೆಲ್ಲ ನಳ ತೆರೆದರೆ ಮೇಲಕ್ಕೆ ಒಂದು ಹನಿಯೂ ಹೋಗುವುದಿಲ್ಲ, ಅಳತೆ ಮಾಡಲು ಬಂದಾಗಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ. ನಾನೂ ಹಾಕಿಕೊಳ್ಳಲಿಲ್ಲ. ಹೊಸ ವ್ಯವಸ್ಥೆ ಬಂದರೆ ತನ್ನ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಹೀಗೆ ಹೇಳುತ್ತಾನೆ ಎಂದುಕೊಂಡೆ. ಪದವಿ ಓದಿದವಳು ನಾನು. ನಕಾಶೆ ನೋಡಿ ಬಂದಿದ್ದೆ. ಇಡೀ ಊರಿನ ಏರು ಇಳಿವು ಕಾಲಲ್ಲಿ ಅಳೆದವನ ಮಾತಿಗಿಂತ ಆ ನೀಲಿ ಗೆರೆ ನನಗೆ ದೊಡ್ಡದಾಗಿ ಕಂಡಿತು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಹೋಗಿ, ನೀರು ಏರುತ್ತದೆ, ನಾನೇ ಹೇಳುತ್ತಿದ್ದೇನಲ್ಲ ಎಂದೆ. ಅವಳು ಕೈಯ ಹಿಟ್ಟು ಒರೆಸಿಕೊಂಡು ನನ್ನ ಮುಖವನ್ನು ಒಂದಷ್ಟು ಹೊತ್ತು ನೋಡಿದಳು.

“ನಕಾಶಿ ಗಿಕಾಶಿ ನನಗ ತಿಳಿಯಂಗಿಲ್ಲ. ನಿಮ್ಮ ಮಾತಿನ ಮ್ಯಾಲ ಸಹಿ ಹಾಕತೇನಿ.”

ಸಂಜೆಯ ಹೊತ್ತಿಗೆ ಇಡೀ ಓಣಿಯ ಸಹಿ ನನ್ನ ಚೀಲದಲ್ಲಿತ್ತು. ಬಸ್ಸಿನಲ್ಲಿ ಹೆಮ್ಮೆಯಿಂದ ಕೂತು ಬಂದೆ.

ಕೆಲವು ದಿನಗಳಲ್ಲಿ ಮನೆ ಮನೆಗೆ ನಳ ಕೂಡಿಸಿದರು. ಅದೇ ವಾರ ಓಣಿಯ ನಳದ ಕಟ್ಟೆಯನ್ನು ಹಾರೆಯಿಂದ ಒಡೆದು, ಕೊಳವೆಯ ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆದರು. ಆಮೇಲೆ ನೀರು ಬಿಟ್ಟು ನೋಡಿದರು. ಕೆಳಗಿನ ಓಣಿಗಳಲ್ಲಿ ಅಂಗಳ ತೋಯುವಷ್ಟು ನೀರು. ದಿನ್ನಿ ಓಣಿಯ ನಳಗಳಲ್ಲಿ ಬರೀ ಗಾಳಿಯ ಸಪ್ಪಳ. ಪೈಪಿನಲ್ಲಿ ಗಾಳಿ ತುಂಬಿದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದು ಇಂಜಿನಿಯರರು ಹೇಳಿದರು. ನಾನು ಹೋಗಿ ಓಣಿಯಲ್ಲಿ ಅದನ್ನೇ ಹೇಳಿದೆ. ನಾಲ್ಕು ದಿನ ಕಳೆದವು, ಹತ್ತು ದಿನ ಕಳೆದವು. ಹೆಂಗಸರು ಕೆಳಗಿನ ಓಣಿಯವರ ಮನೆ ಬಾಗಿಲಲ್ಲಿ ನಿಂತು, ಬೇಡಿ, ಕೊಡ ಹೊತ್ತು ಏರು ಹತ್ತುತ್ತಿದ್ದರು. ರೊಟ್ಟಿಯವಳ ಜೊತೆಗಿದ್ದ ಇಬ್ಬರಲ್ಲಿ ಒಬ್ಬಳಿಗೆ ನೀರು ಹೊರುವುದೇ ಕೆಲಸವಾಯಿತು. ಬುಟ್ಟಿಗಳ ಸಂಖ್ಯೆ ಇಳಿಯಿತು.

ಹೀಗಿರುವಾಗಲೇ ಉದ್ಘಾಟನೆಗೆ ದಿನ ಗೊತ್ತುಮಾಡಿದರು. ಎಲ್ಲಕ್ಕಿಂತ ಎತ್ತರದ ಮನೆಯಲ್ಲಿ, ಅಂದರೆ ರೊಟ್ಟಿಯವಳ ಮನೆಯಲ್ಲಿ, ನೀರು ಬರುವುದನ್ನು ಅತಿಥಿಗಳಿಗೆ ತೋರಿಸಬೇಕು, ಫೋಟೋ ತೆಗೆಯಬೇಕು ಎಂದು ನಿರ್ಧರಿಸಿದ್ದರು. ಪೈಪು ಸರಿಮಾಡಿದ್ದಾರೆ ಎಂದು ನನಗೆ ತಿಳಿಸಿದರು. ಹೆಂಗಸರನ್ನು ಕೂಡಿಸಲು ನಾನು ಬೇಗನೇ ಹೋದೆ. ಓಣಿಯ ಹಿಂಬದಿಯಲ್ಲಿ ಒಂದು ಗೋಡೆಯ ಮರೆಗೆ ನೀರಿನ ಟ್ಯಾಂಕರು ನಿಂತಿತ್ತು. ಅದರ ಪಂಪಿನಿಂದ ದಪ್ಪನೆಯ ರಬ್ಬರು ಪೈಪು ಇಳಿದು ಓಣಿಯ ಲೈನಿನ ತುದಿಗೆ ಸೇರಿತ್ತು. ಇದೇನು ಎಂದು ಡ್ರೈವರನನ್ನು ಕೇಳಿದೆ. ಕಾರ್ಯಕ್ರಮ ಮುಗಿಯುವ ತನಕ ಲೈನಿಗೆ ನೀರು ಒತ್ತಬೇಕೆಂದು ಹೇಳಿದ್ದಾರೆ, ಆಮೇಲೆ ಹೋಗಬಹುದಂತೆ ಎಂದ. ಅವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಇಂಜಿನಿಯರರನ್ನು ಹುಡುಕಿ ಹೊರಟೆ. ಅಷ್ಟರಲ್ಲಿ ಅವರು ಅತಿಥಿಗಳ ಜೊತೆಗೇ ಏರು ಹತ್ತಿ ಬರುತ್ತಿದ್ದರು. ಡೊಳ್ಳಿನ ಸಪ್ಪಳದಲ್ಲಿ ನಾನು ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಕೈಸನ್ನೆ ಮಾಡಿ ನನ್ನನ್ನು ಪಕ್ಕಕ್ಕೆ ಸರಿಸಿದರು.

ರೊಟ್ಟಿಯವಳು ನಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೂವು ಏರಿಸಿ, ಹೊಸ ಸೀರೆ ಉಟ್ಟು ನಿಂತಿದ್ದಳು. ಕಾಯಿ ಒಡೆದಳು. ನಳ ತಿರುವಿದಳು. ನೀರು ಭೋರೆಂದು ಕೊಡಕ್ಕೆ ಬಿತ್ತು. ಸುತ್ತ ನಿಂತ ಹೆಂಗಸರ ಮುಖಗಳು ಅರಳಿದವು. ಫೋಟೋದವನು ಮುಂದೆ ಬಂದ. ಅವಳು ಅತಿಥಿಗಳನ್ನು ಬಿಟ್ಟು ಅವರ ಹಿಂದೆ ನಿಂತಿದ್ದ ನನ್ನನ್ನು ಹುಡುಕಿ ನೋಡಿ ನಕ್ಕಳು.

“ಏರಿತ ನೋಡ ತಂಗಿ,” ಎಂದಳು.

ಅವಳು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ನಾನು ತಲೆಯಾಡಿಸಿದೆ. ಅಷ್ಟೇ ಅಲ್ಲ, ನಕ್ಕೆ ಕೂಡ.

ಊಟದ ಹೊತ್ತಿಗೆ ಶಾಮಿಯಾನ ಬಿಚ್ಚಿದರು, ಟ್ಯಾಂಕರು ಹೋಯಿತು, ನಳ ನಿಂತಿತು. ಮರುದಿನ ನಾನು ಓಣಿಗೆ ಹೋದಾಗ ಅವಳು ಗೋಡೆಯ ಹಿಂದೆ, ಟ್ಯಾಂಕರಿನ ಗಾಲಿಯ ಗುರುತು ಮೂಡಿದ ಕೆಸರಿನ ಹತ್ತಿರ ನಿಂತಿದ್ದಳು. ಎಲ್ಲ ತಿಳಿದುಕೊಂಡಿದ್ದಳು.

“ನಿನಗ ಗೊತ್ತಿತ್ತೇನು?”

ನಿನ್ನೆ ಬೆಳಿಗ್ಗೆ ಗೊತ್ತಾಯಿತು ಎಂದೆ. ಅವಳು ಮತ್ತೇನೂ ಕೇಳದೆ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಇಂಜಿನಿಯರರ ಕೋಣೆಗೆ ಹೋಗಿ ಬಾಯಿಗೆ ಬಂದಂತೆ ಮಾತಾಡಿದೆ. ಜೀವನದಲ್ಲಿ ಅಷ್ಟು ಸಿಟ್ಟಿನಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ಅವರು ಪೂರ್ತಿ ಕೇಳಿ, “ಒಂದ ದಿನದ ಮಾತದು, ಮೇಡಂ. ಮ್ಯಾಲಿನವರಿಗೆ ಫೋಟೋ ಕಳಸಬೇಕಾಗಿತ್ತು. ಜನಾ ಖುಷಿ ಆದ್ರೋ ಇಲ್ಲೋ?” ಎಂದರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಲೈನು ಯಾವಾಗ ಸರಿಮಾಡುತ್ತೀರಿ, ಬರೆದುಕೊಡಿ ಎಂದೆ. ಚಹಾ ಕುಡಿಯುತ್ತೀರಾ ಎಂದು ಕೇಳಿದರು.

ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡೆ. ಕಾಲೇಜಿನಲ್ಲಿ ಕಲಿಸುವವರು, ಶಾಂತ ಸ್ವಭಾವದವರು. ಒಬ್ಬಳೇ ಕೂಗಿ ಏನಾಗುತ್ತದೆ, ಗುತ್ತಿಗೆ ಮುಗಿಯುವ ತನಕ ಸುಮ್ಮನಿರು ಎಂದರು. ನಾನೂ ಒಂದಷ್ಟು ದಿನ ಸುಮ್ಮನೇ ಇದ್ದೆ. ಮುಚ್ಚುಮರೆ ಇಲ್ಲದೆ ಅದನ್ನೂ ಬರೆಯಬೇಕು.

ಆಮೇಲೆ ಕರಪತ್ರಗಳ ಕಟ್ಟು ಬಂತು. ಮುಂದಿನ ಹಂತ ಬಬಲೇಶ್ವರ. ಅಲ್ಲಿ ಹಂಚಬೇಕಾದ ಕರಪತ್ರದ ಮೇಲೆ ಅವಳದೇ ಫೋಟೋ. ಕೊಡ ತುಂಬುತ್ತಿದೆ, ಅವಳು ನಗುತ್ತಿದ್ದಾಳೆ. ಅವಳ ಹಿಂದೆ ಚೀಲ ಹಾಕಿಕೊಂಡ ನಾನು, ನಾನೂ ನಗುತ್ತಿದ್ದೇನೆ. ಕೆಳಗೆ, ಎತ್ತರದ ಮನೆಗೂ ಇಪ್ಪತ್ನಾಲ್ಕು ತಾಸು ನೀರು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಬಬಲೇಶ್ವರದ ಸಭೆ ಮಧ್ಯಾಹ್ನ ಸಮುದಾಯ ಭವನದಲ್ಲಿ ನಡೆಯಿತು. ಹೆಂಗಸರು ಜಮಖಾನೆಯ ಮೇಲೆ ಕೂತಿದ್ದರು. ಇಂಜಿನಿಯರರು ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಅವರು ಯೋಜನೆಯ ಬಗ್ಗೆ ಮಾತಾಡಿ ಮುಗಿಸಿದ ಮೇಲೆ, ಜೈನಾಪುರದಿಂದ ಈ ಊರಿಗೆ ಸೊಸೆಯಾಗಿ ಬಂದ ಹರೆಯದ ಹೆಂಗಸೊಬ್ಬಳು ಎದ್ದು ನಿಂತಳು. ನಮ್ಮ ಓಣಿಯೂ ಎತ್ತರದಲ್ಲಿದೆ, ಅಲ್ಲಿಗೆ ನೀರು ಹತ್ತುತ್ತದೆಯೇ ಎಂದು ಕೇಳಿದಳು. ಇಂಜಿನಿಯರರು, ನೀವೇ ಹೇಳಿ ಎನ್ನುವಂತೆ ಕರಪತ್ರವನ್ನು ನನ್ನ ಕಡೆ ಸರಿಸಿದರು.

ನಾನು ಎದ್ದು ನಿಂತೆ. ಏನು ಹೇಳುತ್ತೇನೆಂದು ಎದ್ದಾಗಲೂ ಗೊತ್ತಿರಲಿಲ್ಲ.

“ಈ ಫೋಟೋದಾಗಿನ ನೀರು ಟ್ಯಾಂಕರಿಂದ್ರಿ,” ಎಂದೆ. “ಈ ಅಕ್ಕಾರ ನಳದಾಗ ಇವತ್ತಿಗೂ ನೀರಿಲ್ಲ. ನಾನು ಮಾತು ಕೊಟ್ಟು ಅವರ ಓಣಿ ನಳ ತಗಿಸೇನಿ. ನೀವು ನಿಮ್ಮ ನಳ ಬಿಟ್ಟು ಕೊಡಬ್ಯಾಡ್ರಿ. ಮನಿಯಾಗ ನೀರು ಬರಾಕತ್ತಿ ಒಂದು ತಿಂಗಳಾಗೂತನಕ ಓಣಿ ನಳ ತಗಿಯಾಕ ಬಿಡಬ್ಯಾಡ್ರಿ. ಒಪ್ಪಿಗೆ ಪತ್ರದ ಮ್ಯಾಲ ಹಂಗ ಬರೀರಿ, ಆಮ್ಯಾಲ ಸಹಿ ಹಾಕ್ರಿ.”

ಯಾರೋ ಮೈಕು ಬಂದ್ ಮಾಡಿದರು. ಆದರೆ ಹೇಳಬೇಕಾದ್ದು ಮುಗಿದಿತ್ತು. ಜೈನಾಪುರದ ಹೆಂಗಸು ನನ್ನ ಚೀಲದಿಂದ ಪೆನ್ನು ತೆಗೆದುಕೊಂಡು ಎಲ್ಲರ ಕಾಗದದ ಮೇಲೆ ಆ ಸಾಲು ಬರೆಯತೊಡಗಿದಳು. ಇಂಜಿನಿಯರರು ಜೀಪು ಹತ್ತಿ ಹೋದರು. ನಾನು ಬಸ್ಸಿಗೆ ಬಂದೆ.

ನನ್ನನ್ನು ವಿಜಯಪುರದ ಕಚೇರಿಗೆ ಕರೆಸಿದರು. ಸಾರ್ವಜನಿಕರಿಗೆ ತಪ್ಪು ಮಾಹಿತಿ ಕೊಟ್ಟೆ, ಕ್ಷಮಿಸಿ ಎಂದು ಬರೆದುಕೊಡಬೇಕಂತೆ. ಹಾಳೆ ತೆಗೆದುಕೊಂಡು, ಉದ್ಘಾಟನೆಯ ಬೆಳಿಗ್ಗೆ ಗೋಡೆಯ ಹಿಂದೆ ಕಂಡದ್ದನ್ನು ಕಂಡಂತೆ ಬರೆದು ಸಹಿ ಮಾಡಿ ಕೊಟ್ಟೆ. ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಬಬಲೇಶ್ವರದಲ್ಲಿ ಓಣಿಯ ನಳಗಳನ್ನು ತೆಗೆಯಲಾಗಲಿಲ್ಲ ಎಂದು ಆಮೇಲೆ ಕೇಳಿದೆ.

ದಿನ್ನಿ ಓಣಿಯ ಹೆಂಗಸರು ನನಗಾಗಿ ಕಾಯಲಿಲ್ಲ. ಬರಿದಾದ ಕೊಡ ತಂದು ತಿಕೋಟಾದ ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕೂತರು. ಕೊನೆಗೆ ನೀರು ಬಿಡುವ ಆ ಮನುಷ್ಯನನ್ನೇ ಕರೆಸಿ ಕೇಳಿದರಂತೆ. ಅವನು ಹೇಳಿದ ಜಾಗದಲ್ಲಿ ಬೇರೆ ವಾಲು ಕೂಡಿಸಿದರು. ಕೆಳಗಿನ ಓಣಿಗಳನ್ನು ಮುಚ್ಚಿ ದಿನ್ನಿಗೆ ದಿನಾ ಎರಡು ತಾಸು ನೀರು ಬಿಡುತ್ತಾರೆ. ಓಣಿಯ ನಳವನ್ನೂ ಮತ್ತೆ ಹಾಕಿದರು. ಮೊದಲೇ ಅವನ ಮಾತು ಕೇಳಿದ್ದರೆ ಒಂದು ವಾಲಿನಲ್ಲಿ ಮುಗಿಯುತ್ತಿದ್ದ ಕೆಲಸ.

ಎಷ್ಟೋ ತಿಂಗಳ ಮೇಲೆ ನಾನು ಅಲ್ಲಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಿಲ್ಲಿಸಲಿಲ್ಲ. ಬಾಗಿಲ ಹತ್ತಿರ ಕೂತೆ. ತಪ್ಪಾಯಿತು ಎಂದೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ ಮೇಲೆ ಅವಳು ಮಾತಾಡಿದಳು.

“ಬಬಲೇಶ್ವರದಾಗ ಖರೇ ಹೇಳಿದೆಂತ, ಕೇಳೀನಿ. ಚಲೋ ಆತು. ಆದ್ರ ನಳದ ಮುಂದ ನಿಂತು ನಾ ನಿನ್ನ ಮಾರಿ ನೋಡಿದ್ನಲ್ಲ, ಅವಾಗ ಹೇಳಬೇಕಾಗಿತ್ತು.”

ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ ಅವಳೇ, ಆ ಫೋಟೋ ಈಗ ಪೋಸ್ಟರಾಗಿ ಊರೂರ ಗೋಡೆಗಳ ಮೇಲೆ ಇದೆಯಂತೆ, ಬೀಗರು ನೋಡಿ ಬಂದು ಹೇಳಿದರು, ಅದನ್ನು ತೆಗೆಸು ಎಂದಳು. ಸುಳ್ಳು ನೀರಿಗೆ ನಕ್ಕವಳು ಎಂದು ತನ್ನನ್ನು ಯಾರೂ ನೋಡಬಾರದು ಎಂದಳು.

ಅದಕ್ಕಾಗಿ ಇಲ್ಲಿಯವರೆಗೆ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಫೋಟೋ ಕಚೇರಿಯ ಸ್ವತ್ತು ಎಂದು ಒಂದಕ್ಕೆ ಉತ್ತರ ಬಂತು. ಹೋದ ವಾರ ಸೊಲ್ಲಾಪುರ ರಸ್ತೆಯಲ್ಲಿ, ವರ್ಕ್‌ಶಾಪುಗಳ ಸಾಲಿನಲ್ಲಿ, ಅದನ್ನೇ ಇನ್ನೂ ದೊಡ್ಡದು ಮಾಡಿ ಹೊಸದಾಗಿ ಅಂಟಿಸಿದ್ದಾರೆ. ಕಾಯಿಪಲ್ಲೆ ತರಲು ಹೊರಟವಳು ಚೀಲ ಹಿಡಿದು ಅದರ ಕೆಳಗೆ ನಿಂತುಬಿಟ್ಟೆ. ಮೈಯೆಲ್ಲ ಉರಿಯಿತು. ಮನೆಗೆ ಬಂದು ಐದನೆಯ ಅರ್ಜಿ ಬರೆದೆ. ಸೋಮವಾರ ನಾನೇ ಒಯ್ದು ಕೊಡುತ್ತೇನೆ, ಈ ಸಲ ಕೈಗೆ ಉತ್ತರ ಕೊಡುವ ತನಕ ಅಲ್ಲಿಂದ ಏಳುವುದಿಲ್ಲ.