ಗುಂತಕಲ್ಲಿನಲ್ಲಿ ಬಾಯಾರಿದ ಪಲ್ಲವರು

ಭೋಜರಾಜ ಗೂಡ್ಸ್ ಗಾಡಿಯ ಗಾರ್ಡು. ಹುಟ್ಟೂರು ಬಾದಾಮಿ. ಹದಿನೈದು ವರ್ಷ ಗುಂತಕಲ್ಲಿನಲ್ಲಿ ದುಡಿದು ಮದ್ರಾಸಿಗೆ ವರ್ಗವಾದ ಮೇಲೆ ಪೆರಂಬೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಂದ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ಬಾಯಿ ಜೋರು, ಅವನದು ಮೆಲು. ಹನ್ನೊಂದು ವರ್ಷದ ನೆರೆಯಲ್ಲಿ ಅವನು ಒಮ್ಮೆಯೂ ನನ್ನ ಮೇಲೆ ದನಿ ಎತ್ತಿಲ್ಲ, ಒಮ್ಮೆಯೂ ನನ್ನ ಮಾತು ಕೇಳಿಯೂ ಇಲ್ಲ.

ಎಲ್ಲದಕ್ಕೂ ಹೊತ್ತು ಬರೆದಿಡುವುದು ಗಾರ್ಡುಗಳ ಚಾಳಿ. ಗಾಡಿ ಬಿಟ್ಟದ್ದು ಎಷ್ಟಕ್ಕೆ, ಸೇರಿದ್ದು ಎಷ್ಟಕ್ಕೆ, ಕಡೆಯ ಡಬ್ಬಿಯೂ ಸೇರಿತೇ ಎಂದು. ಭೋಜರಾಜ ಅದನ್ನು ಮನೆಗೂ ತಂದಿದ್ದ. "ಲಗ್ನದ ದಿನ ನಾ ಮಾಲಿ ಹಾಕಿದ್ದು ಹತ್ತು ಇಪ್ಪತ್ಮೂರಕ್ಕಂತ ಬರ್ಕೊಂಡಾರ್ರೀ, ಪುಣ್ಯಾತ್ಮ" ಎಂದು ಅವನ ಹೆಂಡತಿ ಕೌಸಲ್ಯಾ ನಗುತ್ತಿದ್ದರು.

ಎಂಬತ್ತಾರನೇ ಇಸವಿಯಲ್ಲಿ ಅವನ ಅಕ್ಕನ ಮಗಳು ಗುಣವತಿ, ಅಯನಾವರದ ತನ್ನ ಟೈಪಿಂಗ್ ಕ್ಲಾಸಿಗೆ ಒಂದು ಕಂಪ್ಯೂಟರ್ ತಂದಳು. ಟೀವಿಗೆ ಜೋಡಿಸಬೇಕು, ಟೇಪ್ ರೆಕಾರ್ಡರಿನಿಂದ ಆಟ ತುಂಬಬೇಕು. ಜತೆಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಯುದ್ಧದ ಆಟ. ಯಾವುದೋ ದೇಶದ ಮರಳುಗಾಡು, ಟ್ಯಾಂಕುಗಳು. ಅದರಲ್ಲಿ ಒಂದು ಅನುಕೂಲವಿತ್ತು: ಆ ನಕ್ಷೆ ಅಳಿಸಿ ನಮ್ಮದೇ ನಾಡು ಬರೆಯಬಹುದು, ನಮ್ಮದೇ ಸೈನ್ಯ ಇಡಬಹುದು.

"ಹಂಗಾರ ಇದರಾಗ ಪುಲಕೇಶಿ ದಂಡು ಕೂಡಿಸಬಹುದೇನವಾ?" ಎಂದು ಕೇಳಿದ ಭೋಜರಾಜ.

"ಯಾರು ಮಾಮಾ ಅದು?" ಎಂದಳು ಗುಣವತಿ. ಮದ್ರಾಸಿನಲ್ಲೇ ಓದಿದವಳು ಪಾಪ, ಕನ್ನಡದಲ್ಲಿ ಅರ್ಧ ತಮಿಳು.

ಅಂದಿನಿಂದ ಒಂದು ವರ್ಷ ಅವನಿಗೆ ಅದೇ ಧ್ಯಾನ. ಬಾದಾಮಿಯಿಂದ ಕಂಚಿಯವರೆಗೆ ಗ್ರಾಫ್ ಹಾಳೆಗಳು ಗೋಡೆ ತುಂಬಿದವು. ಒಂದು ದಿನ ನೋಡುತ್ತೇನೆ, ಪುಲಕೇಶಿಯ ದಂಡು ಗದಗ, ಹೊಸಪೇಟೆ, ಗುಂತಕಲ್, ಕಡಪ, ರೇಣಿಗುಂಟ, ಅರಕ್ಕೋಣಂ ದಾಟಿ ಕಂಚಿಗೆ ಬರುತ್ತಿದೆ! ನನಗೆ ಪಿತ್ತ ನೆತ್ತಿಗೇರಿತು.

"ಏನಯ್ಯಾ ಇದು? ಪುಲಕೇಶಿ ರೇಣಿಗುಂಟ ಜಂಕ್ಷನ್‌ನಲ್ಲಿ ಇಳಿದು ಇಡ್ಲಿ ತಿಂದ್ನಾ?"

ಅವನು ಉಗಿ ಇಂಜಿನ್ ಕಾಲದ ಹಳೆಯ ಟೈಂಟೇಬಲ್ ಪುಸ್ತಕ ತೋರಿಸಿದ. ಎಲ್ಲಿ ಏರು, ಎಲ್ಲಿ ನೀರು, ಎಲ್ಲ ಅದರಲ್ಲಿತ್ತು. "ಹಳಿ ಹಾಕಿದವ್ರು ಯಾವ ದಾರಿ ಹಿಡಿದ್ರೋ ಮಾರಾಯ? ನೀರಿದ್ದ ದಾರಿ, ಏರು ಕಮ್ಮಿ ಇದ್ದ ದಾರಿ. ಇಂಜಿನ್ನಿಗೂ ಅದ ಬೇಕು, ಆನಿಗೂ ಅದ ಬೇಕು."

ಬಾಗಿಲು ದಬ್ಬಿ ಮನೆಗೆ ಹೋದೆ, ಸಂಜೆ ಮತ್ತೆ ಬಂದೆ.

ಆ ಯಂತ್ರದ ಹೊಟ್ಟೆಯೂ ಸಣ್ಣದು. "ಮಾಮಾ, ಇಡಂ ಇಲ್ಲ, ಜಾಗ ಸಾಲದು. ಆನೆ ಬೇಕಾ, ಕಾಡು ಬೇಕಾ? ಒಂದು ಸೊಲ್ಲು" ಎಂದಳು ಗುಣವತಿ. ಅವನು, "ಆನಿ ಇರ್ಲಿ. ಆನಿ ನೋಡಿದ್ರ ಕಾಡು ಐತಂತ ಮಂದಿಗೆ ತಿಳೀತೈತಿ" ಎಂದ.

ಆಟ ಸಿದ್ಧವಾದ ಮೇಲೆ ಏಳು ಭಾನುವಾರ ನಾನು ಪುಲಕೇಶಿ, ಗುಣವತಿ ಪಲ್ಲವರ ನರಸಿಂಹವರ್ಮ. ಏಳೂ ಭಾನುವಾರ ನಾನೇ ಗೆದ್ದೆ. ನನ್ನ ದಂಡು ಕಂಚಿಯವರೆಗೆ ಹೋಗಿ ಬರುತ್ತಿತ್ತು. ಬೆನ್ನಟ್ಟಿದ ಅವಳ ದಂಡು ಬಾದಾಮಿ ಮುಟ್ಟುವ ಮೊದಲೇ ಕರಗುತ್ತಿತ್ತು. ವರ್ಕ್‌ಶಾಪಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ನಮ್ಮ ಕನ್ನಡ ಕೂಟದ ಅಧ್ಯಕ್ಷರು, ಸೌಕಾರ್‌ಪೇಟೆಯ ಜವಳಿ ವ್ಯಾಪಾರಿ ಚನ್ನವೀರಪ್ಪನವರು ಬಂದು ನೋಡಿ ಅಪ್ಪಣೆ ಕೊಟ್ಟೇಬಿಟ್ಟರು: ನವೆಂಬರ್ ಒಂದರಂದು ರಾಜ್ಯೋತ್ಸವಕ್ಕೆ ಈ ಆಟ ಎಲ್ಲರೆದುರು ಆಗಬೇಕು. ಅಂದು ಕೌಸಲ್ಯಾ ಪಾಯಸ ಮಾಡಿದರು. ಯಾರೂ ಕೇಳದೆ ಮಾಡಿದ ಕೆಲಸಕ್ಕೆ ಒಂದು ಸಭೆ ಸಿಕ್ಕಿತ್ತಲ್ಲ.

ರಾಜ್ಯೋತ್ಸವದ ಹಿಂದಿನ ದಿನ ಶನಿವಾರ ಟೈಪಿಂಗ್ ಕ್ಲಾಸಿನಲ್ಲಿ ಕಡೆಯ ಪರೀಕ್ಷೆ. ಚನ್ನವೀರಪ್ಪನವರೂ ಬಂದಿದ್ದರು. ಎಂಟನೆಯ ಸಲವೂ ಸೋತ ಗುಣವತಿ ಸಿಡಿಮಿಡಿಗೊಂಡಳು. "ಎನ್ನ ಮಾಮಾ ಇದು? ಪ್ರತಿ ಸಲ ನನ್ನ ಆಳುಗಳು ಗುಂತಕಲ್ ಬಂದ್ರೆ ಸಾಯ್ತಾರೆ. ಯಾರೂ ಹೊಡೆಯದೆ ಸಾಯ್ತಾರೆ!"

ಭೋಜರಾಜ ಆಟದ ಲೆಕ್ಕ ಬರೆದಿಟ್ಟ ತನ್ನ ಪುಸ್ತಕ ತೆಗೆದ. ಹಾಳೆ ತಿರುವುತ್ತಾ ಮುಖ ಬಾಡಿತು. ಆಟದಲ್ಲಿ ಯಾವ ಊರಿನ ನೀರು ಯಾವ ಸೈನ್ಯಕ್ಕೆ ಎಂದು ಬೇರೆಬೇರೆಯಾಗಿ ತುಂಬಬೇಕು; ನೀರಿಲ್ಲದ ದಂಡು ದಾರಿಯಲ್ಲೇ ಸಾಯುತ್ತದೆ. ಟೈಂಟೇಬಲ್ಲಿನಲ್ಲಿ ಹೋಗುವ ಗಾಡಿಗೆ ಒಂದು ಭಾಗ, ಬರುವ ಗಾಡಿಗೆ ಒಂದು ಭಾಗ. ಅವನು ಮದ್ರಾಸಿಗೆ ಬರುವ ಭಾಗ ನೋಡಿ ಪುಲಕೇಶಿಗೆ ಊರೂರಿಗೆ ನೀರು ಕೊಟ್ಟಿದ್ದ. ಮದ್ರಾಸಿನಿಂದ ಹೊರಡುವ ಭಾಗ ನಕಲು ಮಾಡುವುದನ್ನೇ ಮರೆತಿದ್ದ. ಕಂಚಿ ಬಿಟ್ಟ ಪಲ್ಲವರಿಗೆ ದಾರಿಯುದ್ದಕ್ಕೂ ಒಂದು ತೊಟ್ಟು ನೀರಿರಲಿಲ್ಲ.

"ತಪ್ಪಾತು. ಈಗ ಸರಿ ಮಾಡ್ತೀನಿ" ಎಂದ.

"ಮಾಡಿದ್ರ ಪುಲಕೇಶಿ ಸೋಲಬಹುದೇನು?" ಚನ್ನವೀರಪ್ಪನವರು ಕೇಳಿದರು.

"ಸೋಲಬಹುದ್ರೀ. ಖರೇನೂ ಸೋತಾನಲ್ರೀ."

"ಕನ್ನಡ ಕೂಟದಾಗ, ರಾಜ್ಯೋತ್ಸವದ ದಿನ, ನಮ್ಮ ರಾಜ ಸೋಲೂದಾ? ಮುಟ್ಟಬ್ಯಾಡ. ಇದ್ದಂಗ ತಂದ್ರ ತಾ. ಇಲ್ಲಾಂದ್ರ ಈ ಡಬ್ಬಿ ಹಾಲ್ ಒಳಗ ಬರೂದು ಬ್ಯಾಡ."

ಭೋಜರಾಜ ಕ್ಯಾಸೆಟ್ಟನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಹಂಗಾರ ಬ್ಯಾಡ ಬಿಡ್ರಿ. ನಮ್ಮೂರ ಕೆರಿ ಹತ್ರ ಬಂಡಿಗಲ್ಲಿನ ಮ್ಯಾಲೆ ಪಲ್ಲವರು ಬಾದಾಮಿ ಗೆದ್ದದ್ದನ್ನ ಕೊರಸ್ಯಾರ. ಸಣ್ಣಾವಿದ್ದಾಗ ಅದರ ಮ್ಯಾಲೆ ಕೈ ಆಡಿಸೇನಿ. ಹದಿಮೂರು ನೂರು ವರ್ಷದಾಗ ಊರಾಗ ಯಾರೂ ಅದನ್ನ ಕೆತ್ತಿ ತಗದಿಲ್ಲ. ನಾ ಯಾಕ ತಗೀಲಿ?"

ಅವನ ಒಂದು ವರ್ಷ ಆ ಜೇಬಿನಲ್ಲಿತ್ತು. ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ. ಏಳು ಭಾನುವಾರ ನಾನು ಗೆದ್ದದ್ದು ಬಾಯಾರಿ ಸತ್ತವರನ್ನು! ಸಾಲದ್ದಕ್ಕೆ ಎಂಟನೆಯದು ಈಗ ತಾನೇ.

"ಅಧ್ಯಕ್ಷರೇ," ಕಿರುಚಿದೆ, "ಅಂಗಡೀಲಿ ಗಜ ಕಡಿಮೆ ಅಳೀತೀರಾ? ಇಲ್ವಲ್ಲ! ನೀರು ಕುಡಿದ ಪಲ್ಲವನ ಎದುರು ಕೂರೋ ದಮ್ಮಿಲ್ದೆ ಇದ್ರೆ ಹೇಳಿ, ಇಡೀ ಪೆರಂಬೂರಿಗೆ ನಾನೇ ಸಾರ್ತೀನಿ!"

ಅವರ ಮೀಸೆ ಅದುರಿತು. "ಯಾರಿಗೆ ದಮ್ಮಿಲ್ಲ? ನಾಳೆ ಪುಲಕೇಶಿ ಕಡೆ ನಾನ ಕೂಡ್ತೀನಿ. ಆ ಕಡೆ ಯಾವ ಕನ್ನಡದಾಂವ ಕೂಡ್ತಾನ ನೋಡೂಣು!"

"ನಾನು!" ಎಂದೆ. ಬಾಯಿಗೆ ಬಂದ ಮೇಲೆ ಮುಗಿಯಿತಲ್ಲ.

ಭೋಜರಾಜ ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ಕೊಟ್ಟು, ಅರಕ್ಕೋಣದಿಂದ ಗದಗಿನವರೆಗೆ ಪಲ್ಲವರಿಗೆ ನೀರು ತುಂಬಿದ.

ಮರುದಿನ ಹಾಲ್ ಕಿಕ್ಕಿರಿದಿತ್ತು. ನನ್ನನ್ನು ಕಂಡು ಹಿಂದಿನಿಂದ "ದ್ರೋಹಿ!" ಎಂದು ಯಾರೋ ನಕ್ಕರು. ಚನ್ನವೀರಪ್ಪನವರು ಚೆನ್ನಾಗಿ ಕಾದಾಡಿದರು, ಸುಳ್ಳು ಹೇಳಬಾರದು. ಒಮ್ಮೆ ಕಂಚಿಯ ಗೋಡೆಯವರೆಗೂ ಬಂದರು. ಆದರೆ ಕಂಚಿಯ ಆಚೆ ಮಣಿಮಂಗಲದಲ್ಲಿ ಆನೆಗಳನ್ನೆಲ್ಲ ಕಳೆದುಕೊಂಡು ಹಿಮ್ಮೆಟ್ಟಿದರು. ನಾನು ಬೆನ್ನಟ್ಟಿದೆ. ರೇಣಿಗುಂಟ. ಕಡಪ. ಗುಂತಕಲ್ ಬಂದಾಗ ಗುಣವತಿ ಉಸಿರು ಹಿಡಿದಳು. ದಂಡು ನೀರು ಕುಡಿಯಿತು, ಮುಂದೆ ನಡೆಯಿತು. ಹೊಸಪೇಟೆ. ಗದಗ. ಆಮೇಲೆ ಬಾದಾಮಿಯ ಹಳದಿ ಚೌಕ ಕಪ್ಪಾಯಿತು.

ನನ್ನ ಗೆಳೆಯನ ಊರನ್ನು ನಾನೇ ಸುಟ್ಟಿದ್ದೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಮೊದಲು ಬಾಯಿ ಬಿಟ್ಟವರು ಚನ್ನವೀರಪ್ಪನವರು. "ಏನ್ ನೋಡ್ತೀರಿ? ಇನ್ನೊಂದ್ ಆಟ ಹಚ್ಚವಾ ತಂಗಿ. ಈ ಫಿಟ್ಟರನ ಸೊಕ್ಕು ಮುರೀಬೇಕು!" ಸಭೆಯೆಲ್ಲ ಹೋ ಎಂದಿತು.

ಆಗ ತಿರುಗಿದೆ. ಭೋಜರಾಜನ ಕಣ್ಣು ಒದ್ದೆಯಾಗಿತ್ತು. ಆದರೂ ಒಂದು ಕೈಯಲ್ಲಿ ಗಡಿಯಾರ ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದ. ಬಗ್ಗಿ ಓದಿದೆ: "ಪಲ್ಲವರು ಬಾದಾಮಿ ಸೇರಿದ್ದು 11.42. ಕಡೆಯ ಡಬ್ಬಿ ಸಹಿತ."